ಇಂಗಲಿಲ್ ಅವರ ಬೀಗವಿಲ್ಲದ ಷೆಡ್ಡು

"ಪಾತೀಲಿ ಬಿಳಿ ಜೆರೇನಿಯಂ ತಾಯಿಗಿಡ ಇಲ್ಲ ಕಣೇ. ಬೇರು ಸಮೇತ ಎದ್ದು ಹೋಗಿದೆ. ಇಂಗಲಿಲ್ ಬಕೆಟ್ಟಿಗೆ ಒದ್ದೆ ಗೋಣಿ ಮುಚ್ಚಿ ಕಾರಲ್ಲಿಟ್ಕೊಂಡು ಹೋಗಿದ್ದನ್ನ ನಾನೇ ನೋಡ್ದೆ," ಎಂದಳು ಮೋವಾ.

ಟೀರಾಳ ಕೈಯಲ್ಲಿದ್ದ ದಾಲ್ಚಿನ್ನಿ ಬನ್ನು ಬಾಯಿಗೆ ಹೋಗದೆ ಅಲ್ಲೇ ನಿಂತಿತು. "ನನ್ನ ಪರೀಕ್ಷೆ ಗಿಡ ಅದು."

"ಅದಕ್ಕೇ ಹೇಳ್ತಿರೋದು. ನಿವೃತ್ತಿಗೆ ಅಂತ ನಾವು ಕಾಣಿಕೆ ಕೊಡೋಕೆ ಮುಂಚೆ ತಾವೇ ಆರಿಸ್ಕೊಂಡ್ರು ಅನ್ಸುತ್ತೆ."

ಉತ್ತರ ಸ್ವೀಡನ್ನಿನ ತೋಟಗಾರಿಕೆಯಲ್ಲಿ ಇಂಗಲಿಲ್ ಸೆರ್ನ್ ಅವರ ಹೆಸರು ಕೇಳದವರು ವಿರಳ. ಕಾಡಂಚಿನಲ್ಲಿ ನೇರಳೆಯಾಗಿ ಅರಳಿ, ನಡುಬೇಸಿಗೆಯ ಹಬ್ಬಕ್ಕೆ ಹುಡುಗಿಯರ ತಲೆಯೇರುವ ಕಾಡು ಜೆರೇನಿಯಂ ಅನ್ನು ತಾವು ಕಲಿಸುವ ನಮ್ಮ ತೋಟಗಾರಿಕೆ ಶಾಲೆಯ ಪಾತಿಗೆ ತಂದು ಒಗ್ಗಿಸಿದವರೂ, ಅದರ ಅಪರೂಪದ ಬಿಳಿ ಬಗೆಯನ್ನು ಬಣ್ಣ ಕೆಡದಂತೆ ಇಷ್ಟು ವರ್ಷ ಕಾಪಾಡಿದವರೂ ಅವರೇ. ಅರೆನೆರಳು ಬೇಕು, ತೇವ ಬೇಕು, ಕಾಲಡಿ ನೀರು ನಿಲ್ಲಬಾರದು. ಮೊದಲ ಹೂವು ಮುಗಿದೊಡನೆ ಕರುಣೆಯಿಲ್ಲದೆ ನೆಲಮಟ್ಟಕ್ಕೆ ಕತ್ತರಿಸಬೇಕು, ಆಗ ಹೊಸ ಎಲೆ ಬರುತ್ತದೆ, ಅದೃಷ್ಟವಿದ್ದರೆ ಇನ್ನೊಮ್ಮೆ ಹೂವೂ ಬರುತ್ತದೆ. ಇಷ್ಟನ್ನು ಯಾರು ಬೇಕಾದರೂ ಕಲಿಸಬಹುದು. ಇಂಗಲಿಲ್ ಅವರು ಕಲಿಸಿದ್ದು ಅನುಮಾನವನ್ನು.

"ಬಿಳಿ ಅಂತ ಯಾರಾದ್ರೂ ಸಸಿ ಕೊಟ್ರೆ ನಂಬಬೇಡಿ. ಬಗ್ಗಿ ಎಲೆತೊಟ್ಟಿನ ಬುಡ ನೋಡಿ. ಕೆಂಪು ಛಾಯೆ ಇದ್ರೆ ಆ ಮನುಷ್ಯ ಸುಳ್ಳು ಹೇಳ್ತಿದ್ದಾನೆ, ಇಲ್ಲಾ ಅವನಿಗೇ ಯಾರೋ ಸುಳ್ಳು ಹೇಳಿದ್ದಾರೆ," ಎನ್ನುತ್ತಿದ್ದರು. ಟೀರಾ ಈ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತಳು.

ಹಾಸ್ಟೆಲಿನ ಹೀಟರು ಕೆಟ್ಟ ಚಳಿಗಾಲದಲ್ಲಿ ಅವರು ಈ ಇಬ್ಬರು ಹುಡುಗಿಯರನ್ನು ತಮ್ಮ ಮನೆಯಲ್ಲಿ ಇಟ್ಟುಕೊಂಡು, ಸಬ್ಬಸಿಗೆ ಹಾಕಿ ಬೇಯಿಸಿದ ಆಲೂಗಡ್ಡೆ ಬಡಿಸಿ, ತಮ್ಮ ಉಣ್ಣೆಯ ಕಾಲುಚೀಲ ತೊಡಿಸಿದ್ದರು. ಅಂಥವರನ್ನು ಅನುಮಾನಿಸುವುದು ಟೀರಾಳಿಗೂ ಕಷ್ಟವೇ ಆಯಿತು. ಆದರೆ ಅನುಮಾನ ಒಂದು ಕಡೆ ಬೇರು ಬಿಟ್ಟರೆ ಸುತ್ತಲೂ ಹಬ್ಬುತ್ತದೆ. ಪಾತಿಯ ಪಕ್ಕದ ಷೆಡ್ಡಿಗೆ ಇಂಗಲಿಲ್ ಅವರು ಎಂದೂ ಬೀಗ ಹಾಕುತ್ತಿರಲಿಲ್ಲ. ಪ್ರತಿ ಶರತ್ಕಾಲದಲ್ಲೂ ಹೊಸ್ತಿಲ ಬಳಿಯ ಕುಂಡಗಳು ಮಾಯವಾಗುತ್ತಿದ್ದವು. ಪ್ರಾಂಶುಪಾಲರು ಬೀಗ ತಂದುಕೊಟ್ಟರೆ ಅದು ತುಕ್ಕು ಹಿಡಿಯಿತೇ ಹೊರತು ಬಾಗಿಲಿಗೆ ಬೀಳಲಿಲ್ಲ. ಈಗ ಟೀರಾಳಿಗೆ ಎಲ್ಲವೂ ತಾಳೆಯಾದಂತೆ ಕಂಡಿತು: ಆ ಕುಂಡಗಳನ್ನು ಒಯ್ದವರೂ ಇವರೇ. ಪರೀಕ್ಷೆಗೆ ಆ ಗಿಡವನ್ನೇ ತೋರಿಸಬೇಕು; ಗಿಡವಿಲ್ಲದಿದ್ದರೆ ಎರಡು ಬೇಸಿಗೆಯ ದುಡಿಮೆ ಮಣ್ಣುಪಾಲು.

ಮಧ್ಯಾಹ್ನವೇ ಸೈಕಲ್ ತುಳಿದು ಕೆರೆಯಂಚಿನ ಅವರ ಮನೆಗೆ ಹೋದಳು. ಬೇಲಿಯ ಮೇಲಿಂದ ಕತ್ತು ಚಾಚಿದರೆ, ಗೋಡೆಯುದ್ದಕ್ಕೂ ಸಾಲಾಗಿ ಬಿಳಿ ಜೆರೇನಿಯಂ.

"ಕತ್ತು ಉಳುಕೀತು, ಒಳಗೇ ಬಾ," ಎಂದಿತು ಪೊದೆಯ ಹಿಂದಿನ ದನಿ.

ಟೀರಾ ಒಳಗೆ ಹೋದವಳು ನಮಸ್ಕಾರವನ್ನೂ ಹೇಳದೆ ಬಗ್ಗಿ ಒಂದೊಂದೇ ಗಿಡದ ಎಲೆತೊಟ್ಟು ನೋಡಿದಳು. ಎಲ್ಲವೂ ತಿಳಿಹಸಿರು. ಒಂದರಲ್ಲೂ ಕೆಂಪಿಲ್ಲ.

"ಇವೆಲ್ಲ ಶಾಲೆಯವೇ," ಎಂದಳು.

"ಹೌದು, ಶಾಲೆಯವೇ. ನೀನು ಬಗ್ಗಿ ನೋಡ್ದೇನೇ ಹೇಳಿದ್ದಿದ್ರೆ ಬೈತಿದ್ದೆ." ಇಂಗಲಿಲ್ ಅವರು ಗೋಣಿ ಸರಿಸಿ ಬಕೆಟ್ ತೋರಿಸಿದರು. ತಾಯಿಗಿಡದ ದಪ್ಪ ಬೇರನ್ನು ಇಲಿಗಳು ಕೆಳಗಿನಿಂದ ತಿಂದು, ಹೆಬ್ಬೆರಳಿನಷ್ಟು ತುಂಡು ಮಾತ್ರ ಉಳಿಸಿದ್ದವು. "ಬೆಳಗ್ಗೆ ಎಲೆ ಬಾಡಿದ್ದು ಕಂಡು ಕಿತ್ತೆ. ಅಲ್ಲೇ ಬಿಟ್ಟಿದ್ರೆ ಇದೂ ಇರ್ತಿರ್ಲಿಲ್ಲ. ಒಂದೇ ಕಡೆ ಇಟ್ಟ ಗಿಡ ಒಂದಲ್ಲ ಒಂದು ದಿನ ಹೋಗೋದೇ. ಅದಕ್ಕೇ ಇಲ್ಲೊಂದು ಸಾಲು."

"ಮತ್ತೆ ಷೆಡ್ಡಿನ ಕುಂಡಗಳು?"

"ಹೊಸ್ತಿಲ ಮೇಲೆ ಇಟ್ಟವಳು ನಾನು. ಎತ್ಕೊಂಡು ಹೋದವರು ಶಾಲೇಲಿ ನಿಮಗಿಂತ ಮುಂಚೆ ಓದಿದವರು. ಕದ್ದ ಗಿಡವೇ ಚೆನ್ನಾಗಿ ಬೇರು ಹಿಡಿಯೋದು ಅಂತ ನಮ್ಮಜ್ಜಿ ಹೇಳ್ತಿದ್ರು, ನಿಮ್ಮಜ್ಜಿನೂ ಹೇಳಿರ್ತಾರೆ. ಕೈಗೆ ಕೊಟ್ರೆ ಮರೀತಾರೆ. ಕದ್ದವರು ಮಾತ್ರ ಸಿಕ್ಕಿಬೀಳ್ತೀವೇನೋ ಅನ್ನೋ ಭಯಕ್ಕೆ ಮಗು ತರ ಸಾಕ್ತಾರೆ."

ಅವರ ನಿವೃತ್ತಿಯ ಗೌರವಕ್ಕೆ ತಂದ ಈ ಸಂಪುಟಕ್ಕೆ ಬರೆದಿರುವ ಎಷ್ಟೋ ಹಳೆಯ ವಿದ್ಯಾರ್ಥಿಗಳ ಅಂಗಳದಲ್ಲಿ ಆ ಬಿಳಿ ಹೂವಿದೆ. ಅದು ಎಲ್ಲಿಂದ ಬಂತೆಂದು ಒಬ್ಬರೂ ಬಾಯಿಬಿಟ್ಟಿಲ್ಲ. ತಾನೊಬ್ಬನೇ ಕಳ್ಳ ಎಂದು ಪ್ರತಿಯೊಬ್ಬರೂ ನಂಬಿದ್ದಾರೆ. ಅವರ ಕಳ್ಳ ಅಂಗಳಗಳಿಂದಾಗಿಯೇ ಈ ಬಗೆ ಇನ್ನು ಅಳಿಯುವಂತಿಲ್ಲ.

ಟೀರಾ ಬಾಯಿ ತೆರೆದಳು. "ಇಂಗಲಿಲ್, ತುಂಬಾ ಥ್ಯಾಂ..."

"ಶ್! ಗಿಡ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳಿದ್ರೆ ಅದು ಒಣಗುತ್ತೆ, ಗೊತ್ತಿಲ್ವಾ?"

ಆದ್ದರಿಂದ ಈ ಸಂಪುಟದ ಈ ಪುಟಗಳಲ್ಲಿ ಆ ಒಂದು ಮಾತನ್ನು ನಾವು ಬರೆಯುತ್ತಿಲ್ಲ. ಇಂಗಲಿಲ್ ಸೆರ್ನ್ ಅವರ ಮಂಡಿಗಳು ಬಹುಕಾಲ ಬಗ್ಗುತ್ತಿರಲಿ, ಕತ್ತರಿ ಹರಿತವಾಗಿರಲಿ, ಅವರ ಬೇಲಿಯತ್ತ ಇಲಿ ಸುಳಿಯದಿರಲಿ, ಕಳ್ಳರು ಸುಳಿಯುತ್ತಲೇ ಇರಲಿ.

ಟೀರಾ ಸೈಕಲ್ ಹತ್ತಿದಾಗ ಅವರು ಗೇಟಿನವರೆಗೆ ಬಂದರು. "ನಾಳೆ ಬೆಳಗ್ಗೆ ಏಳಕ್ಕೆ ಕಾಫಿಗೆ ಬಾ. ಆರೂವರೆಗೆ ಬಂದ್ರೆ ನಾನಿರಲ್ಲ, ಕೆರೇಲಿ ಈಜ್ತಿರ್ತೀನಿ. ಸಲಿಕೆ ಗೋಡೆಗೆ ಒರಗಿಸಿರ್ತೀನಿ, ಗೇಟಿಗೆ ಚಿಲಕ ಹಾಕಿರಲ್ಲ."

ಟೀರಾ ಅವರ ಮುಖವನ್ನು ಅನುಮಾನದಿಂದಲೇ ನೋಡಿದಳು.

"ಹಾಗಾದ್ರೆ ಆರೂವರೆಗೇ ಬರ್ತೀನಿ," ಎಂದಳು.