ಸೋಮವಾರ ಕಳಚಿಟ್ಟ ಗಾಲಿ

ಮೂರು ವರ್ಷದ ಹಿಂದಿನ ಮಾತು. ನಾನಾಗ ಶಹಾಪುರದಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದೆ. ಊರು ಸಗರ. ಕಾಲೇಜಿಗೆ ಹೋಗುತ್ತಿದ್ದದ್ದು ಹೆಸರಿಗೆ, ಜೀವವೆಲ್ಲ ಸೈಕಲ್ ಮೇಲೆ. ಆ ವರ್ಷ ರಾಜ್ಯಮಟ್ಟದ ಸೈಕಲ್ ರೇಸಿನಲ್ಲಿ ನಾಲ್ಕನೆಯವಳಾದೆ. ಮೊದಲ ಮೂವರು ತರಬೇತಿ ಕ್ಯಾಂಪಿಗೆ ಆಯ್ಕೆಯಾದರು. ಮೂರನೆಯವಳ ಗಾಲಿಗೂ ನನ್ನ ಗಾಲಿಗೂ ನಡುವೆ ಒಂದು ಗೇಣು ಇತ್ತೋ ಇಲ್ಲವೋ.

ಊರಿಗೆ ಬಂದರೆ ಸಮಾಧಾನ ಹೇಳುವವರಿಗೆ ಬರವಿರಲಿಲ್ಲ. ಇನ್ನೂ ಜರಾ ಜೋರು ಹೊಡೆದಿದ್ದರೆ ನಂಬರ್ ಬರುತ್ತಿತ್ತು ಎಂದು ಜನ್ಮದಲ್ಲಿ ಸೈಕಲ್ ಹತ್ತದವರೂ ಹೇಳಿಹೋದರು. ಸಿಟ್ಟು ಬಂದರೂ ಆ 'ಜರಾ', ಆ ಒಂದು ಚೂರು, ಮುಳ್ಳಿನಂತೆ ಒಳಗೇ ಉಳಿಯಿತು. ತರಬೇತಿ ಕೊಡುತ್ತಿದ್ದ ವಿಜಯಪುರದ ಸರ್ ಫೋನಿನಲ್ಲಿ, ಒಂದಷ್ಟು ದಿನ ಸೈಕಲ್ ಮುಟ್ಟಬೇಡ, ಆಮೇಲೆ ಹಗುರಾಗಿ ಶುರು ಮಾಡು ಎಂದಿದ್ದರು. ಹೂಂ ಸರ್ ಅಂದೆ. ಮರುದಿನ ನಸುಕಿನಲ್ಲೇ ಸುರಪುರದ ರಸ್ತೆ ಹಿಡಿದಿದ್ದೆ. ಮಳೆಗಾಲ ಮುಗಿದ ಮೇಲೆ ಇನ್ನೊಂದು ಆಯ್ಕೆ ರೇಸು ಇತ್ತು. ಅದನ್ನು ಹೇಗಾದರೂ ಗೆಲ್ಲಲೇಬೇಕಿತ್ತು.

ದಿನಾ ಸೈಕಲ್ ಹೊಡೆದೆ. ಹೊಡೆದಷ್ಟೂ ಕಾಲು ಕಲ್ಲಾಗುತ್ತ ಹೋದವು. ನಿದ್ದೆ ಹತ್ತಲಿಲ್ಲ, ರೊಟ್ಟಿ ಸೇರಲಿಲ್ಲ. ಅವ್ವ ಮಾತಾಡಿಸಿದರೂ ಹರಿಹಾಯುತ್ತಿದ್ದೆ. ಒಂದು ಬೆಳಿಗ್ಗೆಯಂತೂ ಸೈಕಲ್ ಕಂಡು, ಮುಟ್ಟಲು ಮನಸ್ಸಾಗದೆ ಹಿಂದೆ ಸರಿದೆ. ಇಷ್ಟಪಟ್ಟು ಹಿಡಿದದ್ದು ಹೀಗೇಕೆ ಬೇಡವಾಯಿತೆಂದು ನಿಜವಾಗಿ ಹೆದರಿದೆ. ಆದರೂ ಹತ್ತಿ ಹೋದೆ. ಕಾಲುವೆಯ ಹತ್ತಿರ ಇಳಿದು, ಯಾರೂ ಇಲ್ಲವೆಂದು ನೋಡಿಕೊಂಡು ಅತ್ತೆ.

ಮಾರನೆಯ ದಿನ ಸೋಮವಾರ. ಎದ್ದು ನೋಡಿದರೆ ಸೈಕಲ್ಲಿಗೆ ಮುಂದಿನ ಗಾಲಿಯೇ ಇಲ್ಲ. ಅಪ್ಪ ಅಂಗಳದಲ್ಲಿ ಎತ್ತುಗಳ ಮೈ ತೊಳೆಯುತ್ತಿದ್ದ. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ. ಹೊಲದ ಹದ ಎಂಥದ್ದೇ ಇರಲಿ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಗಾಲಿ ಎಲ್ಲಿ ಎಂದು ಕೂಗಾಡಿದೆ. ನಾಳೆ ಕೊಡುತ್ತೇನೆ, ಇವತ್ತು ಸೋಮವಾರ ಅಂದ. ನಾನೇನು ಎತ್ತಾ ಎಂದು ಕೇಳಿದೆ.

ಅಪ್ಪ ಕೈಯ ಕೆಲಸ ನಿಲ್ಲಿಸಲಿಲ್ಲ. "ನೀ ಹುಟ್ಟೂಕಿಂತ ಮದ್ಲ ಒಂದ್ ವರ್ಷ, ಹದ ಆರಿ ಹೋಗ್ತದಂತ ಸೋಮವಾರನೂ ಹೂಡಿದ್ದೆ. ಬಿಳಿ ಎತ್ತು ಸಾಲಿನ್ಯಾಗ ಕುಂತುಬಿಡ್ತು. ಬಾರಕೋಲಿಲೆ ಹೊಡದೆ, ಏಳಲಿಲ್ಲ. ಆಮ್ಯಾಲ ಅದು ನೊಗ ಕಂಡ್ರ ಸಾಕು, ಹಿಂದ ಸರೀತಿತ್ತು. ನಿನ್ನಿ ನೀನೂ ಸೈಕಲ್ ನೋಡಿ ಹಂಗ ಹಿಂದ ಸರದಿ. ನಾ ನೋಡೀನಿ."

ಅವನು ಅಷ್ಟೆಲ್ಲ ಗಮನಿಸುತ್ತಾನೆಂದು ನನಗೆ ಗೊತ್ತೇ ಇರಲಿಲ್ಲ. ಒಳಗೆ ಹೋಗಿ ಮುಸುಕು ಹಾಕಿ ಮಲಗಿದೆ.

ಮಧ್ಯಾಹ್ನ ಅವ್ವ ಎಬ್ಬಿಸಿದಳು. ಶಹಾಪುರದಲ್ಲಿ ಕುಬಸ ಹೊಲಿಯಲು ಕೊಟ್ಟಿದ್ದಳಂತೆ, ಬಸ್ಸು ತಪ್ಪಿತ್ತು. ಅಪ್ಪನ ಹಳೇ ಸೈಕಲ್ ಮೇಲೆ ಕರೆದುಕೊಂಡು ಹೋಗು ಎಂದಳು. ಮೂತಿ ಉಬ್ಬಿಸಿಕೊಂಡೇ ಹೊರಟೆ. ಅವ್ವ ಕ್ಯಾರಿಯರ್ ಮೇಲೆ ಕೂತು ನನ್ನ ಸೊಂಟ ಗಟ್ಟಿಯಾಗಿ ಹಿಡಿದಳು. ಪರಿಚಯದವರು ಕಂಡಲ್ಲೆಲ್ಲ ಸೈಕಲ್ ನಿಲ್ಲಿಸಬೇಕು, ಅವರ ಸೊಸೆ ಮೊಮ್ಮಕ್ಕಳ ಸುದ್ದಿ ಮುಗಿಯುವವರೆಗೆ ಕಾಯಬೇಕು. ಶಹಾಪುರ ಸಮೀಪಿಸಿದಾಗ, ಬುದ್ಧ ಮಲಗಿದಂತೆ ಕಾಣುವ ಗುಡ್ಡ ತೋರಿಸಿ ಅವ್ವ ಹಿಂದಿನಿಂದ ಅಂದಳು: "ಅಂವನ್ನ ನೋಡು, ಯಾವಾಗಿಂದ ಮಲಗ್ಯಾನ. ಯಾರರೆ ಅವಂಗ ಸೋತು ಮಲಗ್ಯಾನಂತಾರೇನು?"

ನಗು ತಡೆಯಲಾಗದೆ ಹ್ಯಾಂಡಲ್ ಹೊಯ್ದಾಡಿತು. ರೇಸಿನಿಂದ ಬಂದ ಮೇಲೆ ನಾನು ನಕ್ಕದ್ದು ಅದೇ ಮೊದಲು. ಮರಳುವಾಗ ಗಾಳಿ ಎದುರಿಗಿತ್ತು, ಅವ್ವನ ಭಾರ ಹಿಂದಿತ್ತು, ಆದರೂ ದಾರಿ ಬೇಗ ಮುಗಿಯಿತಲ್ಲ ಅನಿಸಿತು.

ಆ ಸಂಜೆ ಸರ್‌ಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. ಮೊದಲು ಚೆನ್ನಾಗಿ ಬೈದರು. ಆಮೇಲೆ, ಗಡಿಯಾರ ಕಟ್ಟದೆ ಮನಸ್ಸು ಬಂದಷ್ಟು ದೂರ ಹೋಗಿ ಬಾ, ಜೋರು ಹೊಡೆಯುವುದು ನಾನು ಹೇಳಿದ ಮೇಲೆ ಎಂದರು. ಈ ಸಲ ಅವರು ಹೇಳಿದಂತೆ ಕೇಳಿದೆ. ಸೋಮವಾರದ ಗಾಲಿಯನ್ನು ಕೆಲವು ವಾರ ಅಪ್ಪ ಕಳಚಿದ. ಆಮೇಲೆ ನಾನೇ ಕಳಚಿ ಅವನ ಕೈಗೆ ಕೊಡುತ್ತಿದ್ದೆ. ನಿದ್ದೆ ಬಂತು, ಹಸಿವು ಬಂತು, ಕಾಲು ನಿಧಾನಕ್ಕೆ ನನ್ನವಾದವು.

ಮಳೆಗಾಲದ ಮೇಲಿನ ಆಯ್ಕೆಯಲ್ಲಿ ನಾನು ಐದನೆಯವಳು. ಹೌದು, ಮೊದಲಿಗಿಂತ ಒಂದು ಸ್ಥಾನ ಹಿಂದೆ. ಅಪ್ಪ ಫೋನ್ ಮಾಡಿದಾಗ ಎಷ್ಟನೇ ನಂಬರ್ ಎಂದು ಹೇಗೆ ಹೇಳಲಿ ಅಂತ ಮಾತು ಹುಡುಕುತ್ತಿದ್ದೆ. ಅವನು ಅದನ್ನು ಕೇಳಲೇ ಇಲ್ಲ.

"ನಾಳಿಗಿ ಮತ್ತ ಸೈಕಲ್ ಹತ್ತಬೇಕನಸ್ತದೇನು?" ಅಂದ.

ಅನಸ್ತದಪ್ಪ ಅಂದೆ. ಹಾಗಾದರೆ ಉಂಡು ಬಾ ಎಂದು ಫೋನ್ ಅವ್ವನ ಕೈಗೆ ಕೊಟ್ಟ.

ಈಗಲೂ ರೇಸಿಗೆ ಹೋಗುತ್ತೇನೆ. ಗೆದ್ದದ್ದೂ ಇದೆ, ಸೋತದ್ದೂ ಇದೆ. ಗೆದ್ದರೂ ಸೋತರೂ ಗೆರೆ ದಾಟಿದ ಮೇಲೆ ಅಪ್ಪನ ಆ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳುತ್ತೇನೆ. ಇಲ್ಲ ಎಂಬ ಉತ್ತರ ಇದುವರೆಗೆ ಬಂದಿಲ್ಲ.