ಬೆನ್ನಿಗೆ ಗುದ್ದಾವ್ರು ಬರ್ರಿ!

ಹೆಸರಿಡುವ ದಿನ ತೊಟ್ಟಿಲ ಮುಂದೆ ಕೂಸಿನ ಸೋದರತ್ತೆ ಮುಟ್ಟಲು ಹೆದರಿ ಕೈಕಟ್ಟಿ ನಿಂತುಬಿಟ್ಟಳು. ಕಿವಿಯಲ್ಲಿ ಹೆಸರು ಕರೆಯಬೇಕಾದವಳು ಆಕೆಯೇ. ಬಾಣಂತಿಗೆ ಎಚ್‌ಐವಿ ಇರುವುದು ರಬಕವಿಯ ನಮ್ಮ ಓಣಿಗೆಲ್ಲ ಗೊತ್ತಿತ್ತು. ಸೇರಿದ್ದ ಹೆಂಗಸರೂ ಹಿಂದೆ ಸರಿದರು.

ಬಾಣಂತಿ ತಾನೇ ಎದ್ದು ಕೂಸನ್ನು ಎತ್ತಿಕೊಂಡಳು. "ಬಸರಿದ್ದಾಗ ಒಂದ ದಿನಾನೂ ಗುಳಗಿ ತಪ್ಪಿಸಿಲ್ರಿ. ಕೂಸಿಗೂ ಔಷಧ ಹಾಕಾಕತ್ತೇನಿ. ಮುಟ್ಟಿದ್ರ ಬರೂದಲ್ಲ ಇದು. ಹೆಸರು ನಾನ ಕರೀತೇನಿ, ಬೆನ್ನಿಗೆ ಗುದ್ದಾವ್ರು ಬರ್ರಿ!" ಅಂದಳು.

ಹೆಸರು ಕರೆದವರ ಬೆನ್ನಿಗೆ ಗುದ್ದುವುದು ನಮ್ಮ ಪದ್ಧತಿ. ಮೊದಲ ಗುದ್ದು ನಾನೇ ಹಾಕಿದೆ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು.

ಕೂಸಿಗೀಗ ಒಂದೂವರೆ ವರ್ಷ. ಕೊನೆಯ ಪರೀಕ್ಷೆಯಲ್ಲೂ ಸೋಂಕಿಲ್ಲ. ಮೊನ್ನೆ ಕೂಸನ್ನು ಎತ್ತಿಕೊಳ್ಳಲು ಕೈಚಾಚಿದ ಸೋದರತ್ತೆಗೆ ತಾಯಿ ಅಂದಳು: "ಅಕ್ಕಾರ, ಮೊದಲ ಬೆನ್ನು ಬಗ್ಗಸ್ರಿ, ಅವತ್ತಿನ ಗುದ್ದು ಬಾಕಿ ಐತಿ!"