ಮೂರನೇ ಕೋಣೆಯ ಚಿಲಕ

ಅವತ್ತು ಮಧುಕೇಶ್ವರಪ್ಪ ಮೂರನೇ ಕೋಣೆಗೆ ಹೊಸ ಚಿಲಕ ಕೂಡಿಸಿದರು. ತಾವು ಒಳಗೆ ನಿಂತು ಹಾಕಿಕೊಂಡು, ಹೆಂಡತಿಯನ್ನು ಹೊರಗೆ ನಿಲ್ಲಿಸಿದರು.

"ದಬ್ಬು ಗಂಗಾ. ಜೋರಾಗಿ! ತಿಂದ ರೊಟ್ಟಿ ಎಲ್ಲಿ ಹೋತು?"

"ಬಾಗಲಾ ಮುರದ್ರ ನನಗ ಅನಬ್ಯಾಡ್ರಿ ಮತ್ತ," ಎಂದು ಗಂಗಾಂಬಿಕಾ ಭುಜ ಕೊಟ್ಟಳು. ಚಿಲಕ ಅಲ್ಲಾಡಲಿಲ್ಲ.

ಮರುದಿನ ಹಾಲು ತರಲು ಹೋದವರು ಅಂಗಡಿ ಮುಂದೆಯೇ ಕುಸಿದರು. ಜನ ಹೊತ್ತು ತಂದಾಗ ಉಸಿರಿರಲಿಲ್ಲ. ಅಷ್ಟೇ.

ಶಿರಸಿ ಬಸ್‌ಸ್ಟ್ಯಾಂಡಿನ ಹಿಂದೆ ನಾಲ್ಕು ಕೋಣೆಯ ಲಾಡ್ಜು ಅವರದು. ಒಂಟಿ ಹೆಂಗಸು ಬಂದರೆ ಬೇರೆ ಕಡೆ "ಜೊತಿಗ್ಯಾರು?" ಎನ್ನುತ್ತಿದ್ದರು. ಇಲ್ಲಿ ಮಧುಕೇಶ್ವರಪ್ಪ "ಊಟ ಆತೇನವ್ವಾ?" ಎನ್ನುತ್ತಿದ್ದರು. ತಿಂಗಳು ಕಳೆದು ಗಂಗಾಂಬಿಕಾ ಮತ್ತೆ ಬಾಗಿಲು ತೆಗೆದಾಗ ಮೈದುನ ಸುಭಾಷ್ ಬಂದ. ಕಟ್ಟಡದಲ್ಲಿ ಅವನ ಪಾಲೂ ಇತ್ತು.

"ಅತ್ತಿಗೀ, ಗಂಡಸಿಲ್ಲದ ಮನಿ. ಒಬ್ಬೊಬ್ರೇ ಬರೋ ಹೆಣ್ಮಕ್ಕಳನ್ನ ಇಟ್ಕೋಬ್ಯಾಡ್ರಿ. ಒಂದ್ ಗಲಾಟಿ ಆದ್ರೂ ಬೋರ್ಡ್ ಇಳಸ್ತೀನಿ."

ಆ ವಾರವೇ ಯಲ್ಲಾಪುರದ ಚೇತನಾ ಎಂಬ ಹುಡುಗಿ ಪರೀಕ್ಷೆಗೆಂದು ಒಬ್ಬಳೇ ಬಂದಳು. ಗಂಗಾಂಬಿಕಾ ತನ್ನ ಫೋನ್ ನಂಬರು ಕೊಟ್ಟಳು. ಆಮೇಲೆ, ಗಂಡ ಬದುಕಿದ್ದಾಗ ಕೂಗುತ್ತಿದ್ದ ಹಾಗೆಯೇ, ಕೋಣೆ ಗುಡಿಸುವ ಮುರಿಗೆವ್ವನನ್ನು ಜಗುಲಿಯಿಂದ ಕೂಗಿದಳು: "ಮೂರನೇ ನಂಬರಿಗೆ ಬಿಸಿನೀರು!"

ಅಲ್ಲೇ ಒಂದನೇ ಕೋಣೆಯವನು ಚಹಾ ಕುಡಿಯುತ್ತಿದ್ದ.

ದೀಪ ಹಚ್ಚುವ ಹೊತ್ತಿಗೆ ಫೋನ್ ಬಂತು. "ಅಕ್ಕಾ, ಯಾರೋ ಬಾಗಿಲು ದೂಡ್ತಾ ಇದ್ದಾರೆ."

ಗಂಗಾಂಬಿಕಾ ಲಟ್ಟಣಿಗೆ ಸಮೇತ ಮೇಲೆ ಓಡಿದಳು.

"ಬಾಗಲಾ ತಪ್ಪಿತ್ರೀ," ಎಂದ ಒಂದನೇ ಕೋಣೆಯವ.

"ನಿನ್ನ ಕೋಣಿ ಕೆಳಗೈತಿ. ಮೆಟ್ಲಾ ಹತ್ತಿ ತಪ್ಪಿತೇನು? ಚೀಲ ತಗೊಂಡು ನಡಿ."

ಹೋದ. ಚೇತನಾ ಬಾಗಿಲು ತೆಗೆದಾಗ ನೋಡಿದರೆ, ಚಿಲಕದ ಒಂದು ಸ್ಕ್ರೂ ಸಹ ಸಡಿಲಾಗಿರಲಿಲ್ಲ. ಅದನ್ನೊಮ್ಮೆ ಕೈಯಿಂದ ಸವರಿ ಗಂಗಾಂಬಿಕಾ ಕೆಳಗಿಳಿದಳು.

ಸುದ್ದಿ ತಿಳಿದು ಬೆಳಿಗ್ಗೆಯೇ ಸುಭಾಷ್ ಏಣಿ ತಂದ.

"ಬೋರ್ಡ್ ಯಾಕೆ ಇಳಿಸ್ತೀರಿ?" ಎಂದಳು ಚೇತನಾ. "ಮುಂದಿನ ವಾರ ನನ್ನ ತಂಗಿ ಬರ್ತಾಳೆ. ನಿನ್ನೆ ಎರಡು ಲಾಡ್ಜಿನವರು ನನ್ನ ಒಳಗೇ ಬಿಡ್ಲಿಲ್ಲ. ನಾನು ಕರೆದ ಕೂಡ್ಲೇ ಅಕ್ಕ ಬಂದ್ರು." ಮತ್ತೆ ಮೆಲ್ಲಗೆ, "ಕೋಣೆ ನಂಬರ್ ಮಾತ್ರ ಕೂಗಬೇಡಿ ಅಕ್ಕಾ."

ಆಗ ಗಂಗಾಂಬಿಕಾಗೆ ಹೊಳೆಯಿತು. ಗಂಡನ ದನಿ ಮನೆಯಲ್ಲಿ ಉಳಿಯಲಿ ಎಂದು ಕೂಗಿದ್ದನ್ನು ಒಂದನೇ ಕೋಣೆಯವನೂ ಕೇಳಿಸಿಕೊಂಡಿದ್ದ.

"ತಪ್ಪು ನಂದವ್ವಾ. ಇನ್ನ ಕೂಗಂಗಿಲ್ಲ." ಮೈದುನನ ಕಡೆ ತಿರುಗಿದಳು. "ಏಣಿ ಹೆಂಗೂ ತಂದೀಯಲ್ಲ. ಮ್ಯಾಲಿನ ಬಲ್ಬು ಹೋಗೇತಿ, ಹಾಕಿ ಹೋಗು."

ಸುಭಾಷ್ ಬೋರ್ಡ್ ಮುಟ್ಟದೆ, ಬಲ್ಬು ಹಾಕಿಯೇ ಹೋದ.

ಈಗ ಕೋಣೆ ನಂಬರನ್ನು ಚೀಟಿಯಲ್ಲಿ ಬರೆದು ಮುರಿಗೆವ್ವನ ಕೈಗೆ ಕೊಡುತ್ತಾಳೆ. ಒಂಟಿ ಬಂದವರಿಗೆ ಮೇಲಿನ ಕೋಣೆ. ಚೇತನಾಳ ತಂಗಿ ಬಂದಳು, ಅವಳ ಗೆಳತಿಯರೂ ಬಂದರು. ಲಾಡ್ಜು ನಡೆದಿದೆ.

ದಿನಾ ಬೆಳಿಗ್ಗೆ, ಕೋಣೆ ಖಾಲಿಯಾದ ಮೇಲೆ, ಮುರಿಗೆವ್ವನನ್ನು ಒಳಗೆ ಕಳಿಸಿ ಚಿಲಕ ಹಾಕಿಸುತ್ತಾಳೆ. ತಾನು ಹೊರಗೆ ನಿಂತು ಭುಜ ಕೊಟ್ಟು ದಬ್ಬುತ್ತಾಳೆ. ನಾಲ್ಕೂ ಬಾಗಿಲು. ಮೂರನೆಯದನ್ನು ಎರಡು ಸಲ.